ಮುಳ್ಳಿನ ಮೇಲೆ ಕಣ್ಣಿಟ್ಟು

ಉಪ್ಪಲ್‌ನಿಂದ ನಾರಾಯಣಗೂಡಕ್ಕೆ ಹೋಗುವ ದಾರಿ ನನಗೆ ಅಂಗೈಗೆರೆಯಷ್ಟು ಪರಿಚಿತ ಎಂದು ಹೇಳಿಕೊಂಡು ತಿರುಗುವವನು ನಾನು. ಆದರೆ ಕಳೆದ ಬೇಸಿಗೆಯಲ್ಲಿ ಅದೇ ದಾರಿಯಲ್ಲಿ ಮೂವತ್ತು ಸಲವಾದರೂ ಕಾರು ಓಡಿಸಿದ ನನ್ನನ್ನು, ದಾರಿಯಲ್ಲಿ ಏನೇನು ಕಂಡಿರಿ ಎಂದು ಯಾರಾದರೂ ಕೇಳಿದ್ದರೆ ತಲೆ ಕೆರೆದುಕೊಳ್ಳುತ್ತಿದ್ದೆ. ನಾನು ಕಂಡದ್ದು ಒಂದು ಮುಳ್ಳನ್ನು ಮಾತ್ರ. ಸ್ಟೀರಿಂಗಿನ ಹಿಂದೆ, ಎಡಮೂಲೆಯಲ್ಲಿ, ಕಿರುಬೆರಳಿಗಿಂತ ಚಿಕ್ಕದಾದ ಒಂದು ಕೆಂಪು ಮುಳ್ಳು. ಅದರ ಕೆಳಗೆ ‘ಸಿ’ ಎಂಬ ಅಕ್ಷರ, ಮೇಲೆ ‘ಎಚ್’ ಎಂಬ ಅಕ್ಷರ. ಮುಳ್ಳು ಸಿ ಹತ್ತಿರ ಇದ್ದರೆ ಎಂಜಿನ್ ತಂಪಾಗಿದೆ ಎಂದರ್ಥ, ಎಚ್ ಹತ್ತಿರ ಹೋದರೆ ಕುದಿಯುತ್ತಿದೆ ಎಂದರ್ಥ. ಆ ಎರಡು ಅಕ್ಷರಗಳ ನಡುವೆ ಒಂದೂವರೆ ತಿಂಗಳು ನನ್ನ ಜೀವ ಜೋಕಾಲಿಯಾಡಿತು.

ಇದರಲ್ಲಿ ನೀವು ನಗಬೇಕಾದ ವಿಷಯ ಒಂದಿದೆ. ಅದನ್ನು ಬೇರೆಯವರಿಂದ ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಬಿಸಿ ಅಳೆಯುವುದೇ ನನ್ನ ಹೊಟ್ಟೆಪಾಡಾಗಿತ್ತು. ಹವಾಮಾನ ಇಲಾಖೆಯಲ್ಲಿ ಮೂವತ್ತೆರಡು ವರ್ಷ, ದಿನಕ್ಕೆ ಇಷ್ಟು ಸಲ ಎಂದು ಗೊತ್ತುಮಾಡಿದ ಹೊತ್ತಿಗೆ ಸರಿಯಾಗಿ ಹೋಗಿ, ಕಣ್ಣನ್ನು ಪಾದರಸದ ಮಟ್ಟಕ್ಕೆ ತಂದು, ಉಸಿರು ಬಿಗಿಹಿಡಿದು ಥರ್ಮಾಮೀಟರ್ ಓದಿ ಬರೆದುಕೊಂಡವನು. ಉಸಿರು ಬಿಗಿಹಿಡಿಯುವುದು ಯಾಕೆಂದರೆ ನಮ್ಮ ಉಸಿರಿನ ಬಿಸಿಗೇ ಪಾದರಸ ಏರಿಬಿಡಬಹುದು. ಇಷ್ಟು ಸೂಕ್ಷ್ಮದ ಮನುಷ್ಯನ ಹದಿನೇಳು ವರ್ಷದ ಕಾರಿಗೆ ಜ್ವರ ಬಂದಾಗ, ಅದು ಎಲ್ಲಿಂದ ಬಂತು ಎಂದು ಅವನಿಗೇ ತಿಳಿಯಲಿಲ್ಲ. ನಿವೃತ್ತಿಯಾದ ಮೇಲೆ ವಿದ್ಯೆಯೂ ನಿವೃತ್ತಿಯಾಗುತ್ತದೋ ಏನೋ.

ಕಾರಿಗೆ ಜ್ವರ ಬಂದದ್ದು ಬೇರೆ ಯಾವ ವರ್ಷವಾದರೂ ನಾನು ಇಷ್ಟು ಕಂಗೆಡುತ್ತಿರಲಿಲ್ಲ. ಆದರೆ ಆ ವರ್ಷ ನಮ್ಮ ಒಬ್ಬಳೇ ಮಗಳು ವೀಣಾ ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಳು. ಅಳಿಯ ರಾಯಚೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಾರೆ. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು ಎಂಬುದು ನಮ್ಮಲ್ಲಿನ ಪದ್ಧತಿ. ನನ್ನ ಅಜ್ಜ ಕುಷ್ಟಗಿಯ ಕಡೆಯಿಂದ ನೌಕರಿಗಾಗಿ ಹೈದರಾಬಾದಿಗೆ ಬಂದು ಮೂರು ತಲೆಮಾರಾದರೂ ಅದನ್ನು ನಾವು ಬಿಟ್ಟಿಲ್ಲ. ಮನೆ ಉಪ್ಪಲ್‌ನಲ್ಲಿ, ವೀಣಾ ನಂಬಿದ ಡಾಕ್ಟರಮ್ಮ ನಾರಾಯಣಗೂಡದಲ್ಲಿ. ನಡುವೆ ರಾಮಂತಾಪುರ, ಅಂಬರ್‌ಪೇಟ, ಬರ್ಕತ್‌ಪುರ ಮತ್ತು ಈ ಮೂರರಲ್ಲಿ ತೆವಳುವ ವಾಹನಗಳು. ಮಗಳನ್ನು ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಅವಳು ಬಂದ ದಿನವೇ ಸಾರಿಬಿಟ್ಟಿದ್ದೆ.

ಹೆರಿಗೆಗೆ ಇನ್ನೂ ಒಂದೂವರೆ ತಿಂಗಳಿದೆ ಎನ್ನುವಾಗ, ತಪಾಸಣೆ ಮುಗಿಸಿಕೊಂಡು ಮೂವರೂ ಮನೆಗೆ ಮರಳುತ್ತಿದ್ದೆವು. ಮಧ್ಯಾಹ್ನದ ಬಿಸಿಲು. ಅಂಬರ್‌ಪೇಟದಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಏಸಿ ಹಾಕಿದ್ದೆ. ಹಿಂದಿನ ಸೀಟಿನಲ್ಲಿ ವೀಣಾ ತಾಯಿಯ ಹೆಗಲಿಗೆ ತಲೆಯಿಟ್ಟು ಕಣ್ಣು ಮುಚ್ಚಿದ್ದಳು. ಆಗ ನನ್ನ ಹೆಂಡತಿ ಗಿರಿಜಾ, “ರೀ, ಮುಂದ ಹೊಗಿ ಬರಾಕತ್ತೈತಲ್ರಿ!” ಎಂದಳು. ಮುಂದಿನ ಬಸ್ಸಿನದಿರಬೇಕು ಎಂದುಕೊಂಡೆ. ಬಸ್ಸು ಮುಂದೆ ಹೋಯಿತು, ಹೊಗೆ ನಮ್ಮಲ್ಲೇ ಉಳಿಯಿತು. ಮುಳ್ಳು ನೋಡಿದರೆ ಎಚ್ ಅನ್ನು ದಾಟಿ ಇನ್ನು ಹೋಗಲು ಜಾಗವಿಲ್ಲದೆ ನಿಂತಿದೆ.

ಕಾರನ್ನು ಹೇಗೋ ಬದಿಗೆ ತಂದು, ಬಾನೆಟ್ ಎತ್ತಿ, ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದೆ. “ಅಂಕುಲ್, ಮೂತ ತೀಯಕಂಡಿ!” ಎಂದು ಒಬ್ಬ ಆಟೋದವನು ಚೀರಿದ. ಮುಚ್ಚಳ ತೆಗೆಯಬೇಡಿ ಎಂದು ಅವನು ಆ ಹೊತ್ತಿಗೆ ಕೂಗದಿದ್ದರೆ ಕುದಿನೀರು ನನ್ನ ಮುಖಕ್ಕೆ ಹಾರುತ್ತಿತ್ತು. ಬಿಸಿಯ ವಿಷಯದಲ್ಲಿ ಮೂವತ್ತೆರಡು ವರ್ಷ ಸಂಬಳ ತಿಂದವನಿಗೆ ಆಟೋದವನು ಪಾಠ ಹೇಳಬೇಕಾಯಿತು. ಅವನ ಆಟೋದಲ್ಲೇ ತಾಯಿ ಮಗಳನ್ನು ಮನೆಗೆ ಕಳಿಸಿ, ನಾನು ಒಂದು ಬೇವಿನ ಮರದ ನೆರಳಲ್ಲಿ ಕಾರಿನ ಪಕ್ಕ ಕೂತೆ. ಕಾರು ತಣ್ಣಗಾಗಲು ಒಂದು ತಾಸು ಹಿಡಿಯಿತು. ನಾನು ತಣ್ಣಗಾಗಲಿಲ್ಲ. ಹೆರಿಗೆಯ ದಿನವೇ ಹೀಗಾಗಿದ್ದರೆ? ಈ ಪ್ರಶ್ನೆ ಅಂದು ತಲೆಯೊಳಗೆ ಹೊಕ್ಕಿದ್ದು ಹೊರಗೆ ಹೋಗಲೇ ಇಲ್ಲ.

ನೀವು ಕೇಳುವುದನ್ನೇ ವೀಣಾ ಅಂದು ಸಂಜೆ ಕೇಳಿದಳು. “ಅಪ್ಪಾ, ಕ್ಯಾಬ್ ಮಾಡ್ಕೊಂಡು ಹೋದ್ರ ಆತು. ಇಷ್ಟಕ್ಕ ಯಾಕ ಇಷ್ಟು ಚಿಂತಿ ಮಾಡ್ತೀ?”

ಸರಿಯಾದ ಮಾತೇ. ಕೈಯಲ್ಲಿ ಫೋನಿದೆ, ಬೆರಳೊತ್ತಿದರೆ ಬಾಗಿಲಿಗೆ ಗಾಡಿ ಬರುತ್ತದೆ. ಬರುತ್ತೇನೆಂದವನು ನಡುದಾರಿಯಲ್ಲಿ ಮನಸ್ಸು ಬದಲಿಸಿ ಬಾರದೆಯೂ ಇರುತ್ತಾನೆ ಎಂದು ನಾನು ವಾದ ಹೂಡಿದೆ. ಆಂಬುಲೆನ್ಸ್ ಐತಲ್ಲ ಎಂದಳು. ಅದು ಕಾಯಿಲೆಯವರಿಗೆ ಎಂದೆ. ಪಕ್ಕದ ಮನೆಯವರ ಕಾರು ಐತಲ್ಲ ಎಂದಳು. ಅವರ ಕಾರಿಗೆ ಎಂಟು ವರ್ಷವಾಯಿತು ಎಂದೆ. ನಮ್ಮದಕ್ಕೆ ಹದಿನೇಳಾಗಿದೆ ಎಂದು ನೆನಪಿಸುವಷ್ಟು ನಿರ್ದಯಿಯಲ್ಲ ನನ್ನ ಮಗಳು. ಗಿರಿಜಾ ತನ್ನ ಪಾಡಿಗೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ನನ್ನ ಹಟದ ಬೇರು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು.

ಇಪ್ಪತ್ತೊಂಬತ್ತು ವರ್ಷದ ಹಿಂದೆ ವೀಣಾ ಹುಟ್ಟಿದ ದಿನ ನಾನು ಡ್ಯೂಟಿಯಲ್ಲಿದ್ದೆ. ಗಿರಿಜಾಳ ತವರಿನಲ್ಲಿ ಆಗ ತಾಯಿ ಇರಲಿಲ್ಲ, ಹಾಗಾಗಿ ಹೆರಿಗೆ ನಮ್ಮಲ್ಲೇ ಎಂದು ಗೊತ್ತುಮಾಡಿದ್ದೆವು. ಮಧ್ಯಾಹ್ನ ಎರಡರ ಹೊತ್ತಿಗೆ ಆಫೀಸಿಗೆ ಫೋನ್ ಬಂತು. ನೋವು ಶುರುವಾಗಿದೆ, ಬೇಗ ಬನ್ನಿ ಎಂದು ನೆರೆಮನೆಯಾಕೆ ಹೇಳಿದರು. ಎರಡೂವರೆಗೆ ಥರ್ಮಾಮೀಟರ್ ಓದುವುದಿತ್ತು. ಅದೊಂದು ಮುಗಿಸಿ ಬರುತ್ತೇನೆ ಎಂದೆ. ಮುಗಿಸಿದೆ, ಬರೆದೆ, ಸಹಿ ಹಾಕಿದೆ, ಬಸ್ಸು ಹಿಡಿದೆ. ನಾನು ಹೋಗುವಷ್ಟರಲ್ಲಿ ನೆರೆಮನೆಯಾಕೆ ಗಿರಿಜಾಳನ್ನು ಆಟೋದಲ್ಲಿ ಕರೆದೊಯ್ದು ಆಗಿತ್ತು, ಮಗು ಹುಟ್ಟಿ ಅತ್ತು ನಿದ್ದೆ ಮಾಡಿಯೂ ಆಗಿತ್ತು. ಆ ದಿನದ ಎರಡೂವರೆಯ ಬಿಸಿಲು ಎಷ್ಟಿತ್ತು ಎಂದು ಈ ಊರಿನಲ್ಲಿ ಇಂದಿನವರೆಗೆ ಒಬ್ಬರೂ ನನ್ನನ್ನು ಕೇಳಿಲ್ಲ.

ಗಿರಿಜಾ ಇದಕ್ಕಾಗಿ ನನ್ನನ್ನು ಒಂದು ದಿನವೂ ಬೈದಿಲ್ಲ. ವೀಣಾ ಶಾಲೆಗೆ ಹೋಗುವಾಗೊಮ್ಮೆ, ನಾನು ಹುಟ್ಟಿದಾಗ ಅಪ್ಪ ಎಲ್ಲಿದ್ದ ಎಂದು ಕೇಳಿದಳು. “ನಿಮ್ಮಪ್ಪ ಬಿಸಿಲು ಅಳಿಯಾಕ ಹೋಗಿದ್ರು,” ಎಂದು ಗಿರಿಜಾ ನಕ್ಕಳು. ವೀಣಾಳೂ ನಕ್ಕಳು. ನಾನೂ ನಕ್ಕೆ. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಆ ನಗುವನ್ನು ಮರೆಯಲಾಗಲಿಲ್ಲ. ಈ ಸಲ ಯಾವ ಕಾರಣಕ್ಕೂ ನಾನು ತಡವಾಗಿ ಹೋಗಬಾರದು, ನಾನೇ ಹೊತ್ತಿಗೆ ಸರಿಯಾಗಿ ಮುಟ್ಟಿಸಬೇಕು ಎಂದು ಮನಸ್ಸು ಹಟ ಹಿಡಿದಿತ್ತು.

ಹೀಗಾಗಿ ಕಾರಿನ ಚಿಕಿತ್ಸೆ ಆರಂಭವಾಯಿತು. ಮನುಷ್ಯರಿಗೆ ಜ್ವರ ಬಂದರೆ ಮನೆಗೆ ಬಂದವರೆಲ್ಲ ಒಂದೊಂದು ಕಷಾಯ ಹೇಳುತ್ತಾರಲ್ಲ, ಕಾರಿನ ಜ್ವರಕ್ಕೂ ಹಾಗೆಯೇ. ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಪಕ್ಕದ ಮನೆಯವರು, ನೀರು ಹರಿಯಲು ಬಿಡುವ ಥರ್ಮೋಸ್ಟಾಟ್ ಎಂಬ ವಾಲ್ವ್ ಕೆಟ್ಟಿದೆ ಎಂದರು. ನಮ್ಮ ಬೀದಿಯ ಮೆಕ್ಯಾನಿಕ್ ಅದನ್ನು ಬದಲಾಯಿಸಿದ. ಜ್ವರ ಇಳಿಯಲಿಲ್ಲ. ಬೋರ್‌ವೆಲ್ ನೀರಿನಿಂದ ಒಳಗೆ ಉಪ್ಪು ಕಟ್ಟಿದೆ ಎಂದು ಅವನೇ ಎಲ್ಲ ನೀರನ್ನೂ ಬಸಿದು ಕೂಲಂಟ್ ಎಂಬ ಹಸಿರು ದ್ರವ ತುಂಬಿದ. ಇಳಿಯಲಿಲ್ಲ. ಫ್ಯಾನಿನ ಮೋಟಾರು ಬದಲಾಯಿತು. ಇಳಿಯಲಿಲ್ಲ. ಕೊನೆಗೆ ಅವನು, “ಸರ್, ಗಾಡಿಗೆ ವಯಸ್ಸಾಯಿತು,” ಎಂದು ತೆಲುಗಿನಲ್ಲಿ ಸಮಾಧಾನ ಹೇಳುತ್ತ ಒಂದು ನೋಟ ನನ್ನ ನರೆತ ತಲೆಯ ಕಡೆಗೂ ಹರಿಸಿದ. ಆ ರೋಗನಿರ್ಣಯ ನನಗೆ ಹಿಡಿಸಲಿಲ್ಲ.

ನಾನು ನನ್ನ ಹಳೆಯ ವಿದ್ಯೆಗೆ ಮರಳಿದೆ. ಒಂದು ನೋಟ್‌ಬುಕ್ ತೆಗೆದು ಗೆರೆ ಹಾಕಿ ಖಾನೆ ಮಾಡಿದೆ: ಹೊತ್ತು, ಜಾಗ, ವೇಗ, ಏಸಿ ಇದೆಯೋ ಇಲ್ಲವೋ, ಮುಳ್ಳು ಎಲ್ಲಿದೆ. ಓಡಿಸುತ್ತ ಬರೆಯಲಾಗದು, ಆದ್ದರಿಂದ ಗಿರಿಜಾ ಪಕ್ಕದಲ್ಲಿ ಕೂತು ಬರೆಯುವವಳಾದಳು. ಪ್ರತಿದಿನ ಒಂದು ಸುತ್ತು, ಉಪ್ಪಲ್‌ನಿಂದ ನಾರಾಯಣಗೂಡಕ್ಕೆ, ಅಲ್ಲಿಂದ ಹಿಂದಕ್ಕೆ. ಡಿಕ್ಕಿಯಲ್ಲಿ ಆರು ಬಾಟಲಿ ನೀರು. ಎಂಜಿನ್ ಬಿಸಿಯಾದಾಗ ಕಾರಿನೊಳಗಿನ ಹೀಟರ್ ಹಾಕಿದರೆ ಅದು ಎಂಜಿನ್ನಿನ ಬಿಸಿಯನ್ನು ಒಳಗೆ ಎಳೆದುಕೊಳ್ಳುತ್ತದೆ ಎಂದು ಎಲ್ಲೋ ಓದಿದ್ದೆ. ವೈಶಾಖದ ಬಿಸಿಲಿನಲ್ಲಿ, ರಾಮಂತಾಪುರದ ಸಿಗ್ನಲ್ಲಿನಲ್ಲಿ, ಕಿಟಕಿಗಳನ್ನೆಲ್ಲ ಇಳಿಸಿ ಹೀಟರನ್ನು ಪೂರ್ತಿ ತಿರುಗಿಸಿದೆ. ಕಾಲಿಗೆ ಬೆಂಕಿ ತಾಗಿದಂತಾಯಿತು. ಗಿರಿಜಾ ಸೆರಗಿನಿಂದ ಮುಖ ಒರೆಸಿಕೊಂಡು, “ಮಂದಿ ಬ್ಯಾಸಿಗ್ಯಾಗ ಏಸಿ ಹಾಕ್ಕೊಂತಾರ. ನನ್ನ ನಸೀಬದಾಗ ಹೀಟರ್ ಬರದೈತಿ,” ಎಂದಳು. ಮುಳ್ಳು ಮಾತ್ರ ಎಳ್ಳುಕಾಳಷ್ಟು ಕೆಳಗಿಳಿಯಿತು. ನಾನು ಸಂತೋಷದಿಂದ ಬರೆದುಕೋ ಎಂದೆ. ಅವಳು ಬರೆದದ್ದನ್ನು ಮನೆಗೆ ಬಂದು ನೋಡಿದರೆ ‘ತಲಿ ಕೆಟ್ಟೈತಿ’ ಎಂದಿತ್ತು.

ಚಿಂತೆಗೆ ಒಂದು ವಿಚಿತ್ರ ಗುಣವಿದೆ. ಅದು ತಾನಿರುವ ಕಡೆ ಸುಮ್ಮನೆ ಕೂರುವುದಿಲ್ಲ, ಸಿಕ್ಕಿದ್ದಕ್ಕೆಲ್ಲ ಕೈಹಾಕುತ್ತದೆ. ಆ ದಿನಗಳಲ್ಲಿ ಕುಕ್ಕರ್ ಮೂರನೆಯ ಸೀಟಿ ಹೊಡೆದರೆ ನಾನು ಎದ್ದು ನಿಲ್ಲುತ್ತಿದ್ದೆ. ಫ್ರಿಜ್ಜಿನ ಹಿಂಬದಿಗೆ ಕೈಯಿಟ್ಟು ಬಿಸಿಯಾಗಿದೆ ಎಂದು ಗಾಬರಿಯಾದೆ. ಅದು ಬಿಸಿಯಾಗಿಯೇ ಇರಬೇಕಾದದ್ದು. ವೀಣಾಳ ಮುಖ ಸ್ವಲ್ಪ ಕೆಂಪಾದರೂ ಹಣೆ ಮುಟ್ಟಿ ನೋಡುತ್ತಿದ್ದೆ. “ಅಪ್ಪಾ, ನಾ ಕಾರ್ ಅಲ್ಲ,” ಎಂದು ಅವಳು ಕೈ ಸರಿಸುತ್ತಿದ್ದಳು. ಹೆರಿಗೆಯ ದಿನ ಹತ್ತಿರ ಬಂದಂತೆ ಊಟ ರುಚಿಸದಾಯಿತು. ಡಾಕ್ಟರಮ್ಮ ತಪಾಸಣೆಯ ಕೊನೆಯಲ್ಲಿ ಎಲ್ಲ ಸರಿಯಾಗಿದೆ ಎಂದು ಹೇಳಿದಾಗ, ಕಾರು ಒಂದನ್ನು ಬಿಟ್ಟು ಎಂದು ನನ್ನ ಬಾಯಿಗೆ ಬಂದೇಬಿಟ್ಟಿತ್ತು.

ಇನ್ನು ಮೂರು ವಾರ ಎನ್ನುವಾಗ ನನ್ನನ್ನು ಕಾಪಾಡಿದವನು ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಹಣಮಂತ. ಯಾದಗಿರಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು, ಆ ಕಟ್ಟಡ ಏಳುತ್ತಲೇ ಅದಕ್ಕೇ ಕಾವಲು ನಿಂತವನು. ದಿನವೂ ಬಾನೆಟ್ ಎತ್ತಿಕೊಂಡು ನಿಲ್ಲುವ ನನ್ನನ್ನು ನೋಡಿ ಅವನಿಗೇ ಬೇಸರ ಬಂದಿರಬೇಕು. “ಸಾಹೇಬ್ರ, ನಾಚಾರಂದಾಗ ನಮ್ಮ ಸೇಡಂ ಕಡಿ ಮಿಸ್ತ್ರಿ ಒಬ್ರು ಅದಾರ. ಮಹಬೂಬ ಸಾಬ್ ಅಂತ. ಒಮ್ಮಿ ತೋರಸ್ರಿ,” ಎಂದ.

ನಾಚಾರಂನ ಕಾರ್ಖಾನೆಗಳ ಹಿಂದಿನ ಬೀದಿಯಲ್ಲಿ, ಲೇತ್ ಮಷೀನುಗಳ ಸದ್ದಿನ ನಡುವೆ, ಒಂದು ತಗಡಿನ ಶೆಡ್ಡು. ನಾನು, ಗಿರಿಜಾ ಇಬ್ಬರೂ ಹೋದೆವು. ಮಹಬೂಬ ಸಾಬರಿಗೆ ಅರವತ್ತು ದಾಟಿದೆ, ಗಡ್ಡ ಬಿಳಿ, ಕೈ ಕಪ್ಪು. ಕನ್ನಡ ಕೇಳುತ್ತಲೇ ಸ್ಟೂಲು ಒರೆಸಿ ಗಿರಿಜಾಳಿಗೆ ಕೊಟ್ಟರು. ನಾನು ಬಾನೆಟ್ ಎತ್ತಲು ಹೋದೆ. “ಇರ್ಲಿ ಬಿಡ್ರಿ ಸರ್. ಮೊದ್ಲು ಹೇಳ್ರಿ, ಓಡೂವಾಗ ಏರ್ತದೋ, ನಿಂತಾಗ ಏರ್ತದೋ?” ಎಂದರು. ಅದೊಂದು ಪ್ರಶ್ನೆಯನ್ನು ಅಲ್ಲಿಯವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ. ನಾನು ಹೆಮ್ಮೆಯಿಂದ ನೋಟ್‌ಬುಕ್ ಚಾಚಿದೆ. ಅವರು ಕನ್ನಡಕ ಹಾಕಿಕೊಂಡು ಪುಟ ತಿರುಗಿಸಿದರು. ‘ತಲಿ ಕೆಟ್ಟೈತಿ’ ಎಂಬಲ್ಲಿ ಒಂದು ಕ್ಷಣ ನಿಂತು, ಮುಂದೆ ಹೋದರು.

“ಛಲೋ ಬರದೀರಿ ಸರ್. ಖಾಲಿ ರಸ್ತಾದಾಗ ಇಳಿತದ, ಟ್ರಾಫಿಕ್‌ದಾಗ ಏರ್ತದ. ಏಸಿ ಹಾಕಿದ್ರ ಇನ್ನೂ ಜಲ್ದಿ ಏರ್ತದ. ಅಂದ್ರ ಗಾಡಿಗಿ ನೀರಿನ ತಕರಾರ ಇಲ್ಲ. ಗಾಳಿ ಸಿಗವಲ್ದು.”

ಎಲ್ಲವೂ ನನ್ನ ನೋಟ್‌ಬುಕ್ಕಿನಲ್ಲೇ ಇತ್ತು. ಬರೆದುಕೊಂಡವನು ನಾನು, ಓದಿದವರು ಅವರು. ಅವರು ಎಂಜಿನ್ ಚಾಲೂ ಮಾಡಿಸಿ, ಫ್ಯಾನು ತಿರುಗತೊಡಗಿದ ಮೇಲೆ, ಒಂದು ಹಳೆಯ ಉರ್ದು ಪತ್ರಿಕೆಯ ಹಾಳೆಯನ್ನು ಕಾರಿನ ಮೂತಿಯ ಜಾಲರಿಗೆ ಹಿಡಿದು ಕೈಬಿಟ್ಟರು. ಫ್ಯಾನು ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತಿದ್ದರೆ ಹಾಳೆ ಅಲ್ಲೇ ಅಂಟಿಕೊಂಡು ನಿಲ್ಲಬೇಕಂತೆ. ಅದು ಜಾರಿ ಅವರ ಕಾಲ ಬಳಿ ಬಿತ್ತು. “ನೋಡ್ರಿ,” ಎಂದರು. ಯಂತ್ರವಿಲ್ಲ, ಕಂಪ್ಯೂಟರಿಲ್ಲ. ಒಂದು ಹಾಳೆ ಬಿದ್ದದ್ದನ್ನು ನೋಡಿ ನಾನು ಬೆಪ್ಪಾಗಿ ನಿಂತೆ.

ಕಾರಿನ ಮುಂಭಾಗದಲ್ಲಿ ಜಾಲರಿಯ ಹಿಂದೆ ಎರಡು ತೆಳ್ಳನೆಯ ಪೆಟ್ಟಿಗೆಗಳು ಒಂದರ ಹಿಂದೊಂದು ನಿಂತಿರುತ್ತವೆ. ಮುಂದಿನದು ಏಸಿಯದು, ಹಿಂದಿನದು ಎಂಜಿನ್ನಿನ ನೀರು ತಣಿಸುವ ರೇಡಿಯೇಟರ್. ನಡುವೆ ಬೆರಳಿನಷ್ಟು ಸಂದಿ. ಹೊರಗಿನಿಂದ ನೋಡಿದರೆ ಮುಂದಿನದು ಮಾತ್ರ ಕಾಣುತ್ತದೆ. ಮಹಬೂಬ ಸಾಬರು ಬಂಪರ್ ಬಿಚ್ಚಿ, ಮುಂದಿನದನ್ನು ತುಸು ಸರಿಸಿ, ಸಂದಿಯೊಳಗೆ ಕೈ ಇಳಿಸಿದರು. ಕೈ ಹೊರಗೆ ಬಂದಾಗ ಅದರಲ್ಲಿ ಹಳೆಯ ಕೌದಿಯ ತುಂಡಿನಂಥದ್ದೊಂದು ಇತ್ತು. ಧೂಳು ತುಂಬಿ ಗಟ್ಟಿಯಾದ, ಕಂದು ಬಣ್ಣದ, ಹೆಬ್ಬೆರಳಿನಷ್ಟು ದಪ್ಪದ ಹಾಸು. ಅವರು ಅದನ್ನು ಬಿಸಿಲಿಗೆ ಹಿಡಿದು ಮೂಲೆಯನ್ನು ಮೆಲ್ಲಗೆ ಬಿಡಿಸಿದರು. ಒಣಗಿದ ಚೆಂಡುಹೂವಿನ ಎಸಳು. ಅದರ ಕೆಳಗೆ ಬನ್ನಿ ಎಲೆ. ಅದರ ಕೆಳಗೆ ಮತ್ತೆ ಚೆಂಡುಹೂವು, ಮತ್ತೆ ಬನ್ನಿ, ಮಾಲೆ ಕಟ್ಟಿದ ದಾರ, ಅರಿಸಿನ ಹಚ್ಚಿದ ನಾಲ್ಕು ಅಕ್ಕಿಕಾಳು.

“ಎಷ್ಟು ದಸರಾ ಆದ್ವು ಸರ್ ಈ ಗಾಡಿಗಿ?” ಎಂದು ಕೇಳಿದರು.

ಹದಿನೇಳು. ಇಲ್ಲಿ ನಮ್ಮ ಮನೆಯ ರೂಢಿಯೊಂದನ್ನು ಹೇಳಬೇಕು. ದಸರೆಯ ದಿನ ಆಯುಧಗಳಿಗೆ ಪೂಜೆ ಮಾಡುವಾಗ ಕಾರಿನ ಮೂತಿಗೆ ಚೆಂಡುಹೂವಿನ ದಪ್ಪ ಮಾಲೆ ಕಟ್ಟುತ್ತೇವೆ, ಬಾನೆಟ್ಟಿನ ಸಂದಿಯಲ್ಲಿ ಬನ್ನಿ ಎಲೆ ಸಿಕ್ಕಿಸುತ್ತೇವೆ. ಇಷ್ಟನ್ನು ಊರೆಲ್ಲ ಮಾಡುತ್ತದೆ. ಆದರೆ ಮರುದಿನ ಊರು ಮಾಲೆಯನ್ನು ಬಿಚ್ಚಿ ತೆಗೆಯುತ್ತದೆ, ನಾವು ತೆಗೆಯುವುದಿಲ್ಲ. ಪೂಜೆಯ ಮಾಲೆಯನ್ನು ಕೈಯಿಂದ ಕೀಳಬಾರದು, ತಾನಾಗಿ ಉದುರಬೇಕು ಎಂದು ನನ್ನ ಅಜ್ಜಿಯ ಕಾಲದಿಂದ ಬಂದ ಕಟ್ಟಳೆ. ಅಜ್ಜಿಯ ಕಾಲದಲ್ಲಿ ಮಾಲೆ ಹಾಕಿಸಿಕೊಳ್ಳುತ್ತಿದ್ದದ್ದು ಬೀಸುವ ಕಲ್ಲು, ಒನಕೆ, ಚಕ್ಕಡಿ. ಅವು ಯಾವುವೂ ಉಸಿರು ಎಳೆದುಕೊಳ್ಳುತ್ತಿರಲಿಲ್ಲ. ನಮ್ಮ ಕಾರು ದೀಪಾವಳಿ ದಾಟಿ ಕಾರ್ತೀಕದವರೆಗೂ ಒಣ ಮಾಲೆ ಹೊತ್ತು ಓಡುತ್ತಿತ್ತು. ಅದು ದಿನಕ್ಕಿಷ್ಟು ಉದುರಿ ಕಡಿಮೆಯಾಗುವುದನ್ನು ನಾವು ಭಕ್ತಿಯಿಂದ ನೋಡುತ್ತಿದ್ದೆವು. ಉದುರಿದ್ದು ಎಲ್ಲಿಗೆ ಹೋಗುತ್ತಿದೆ ಎಂದು ಮಾತ್ರ ಒಬ್ಬರೂ ಯೋಚಿಸಲಿಲ್ಲ.

ನನಗೆ ನಾಚಿಕೆಯಾದದ್ದು ಇನ್ನೊಂದು ಕಾರಣಕ್ಕೆ. ನಮ್ಮ ಇಲಾಖೆಯಲ್ಲಿ ಥರ್ಮಾಮೀಟರನ್ನು ಬಯಲಿನಲ್ಲಿ ನೇತುಹಾಕುವುದಿಲ್ಲ. ನಾಲ್ಕು ಕಡೆಯೂ ಓರೆಪಟ್ಟಿಗಳಿರುವ, ಗಾಳಿ ಸಲೀಸಾಗಿ ಆಡುವ ಬಿಳಿಯ ಮರದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಪಟ್ಟಿಗಳ ಸಂದಿಯಲ್ಲಿ ಧೂಳು, ಜೇಡರ ಬಲೆ, ಒಣ ಎಲೆ ಸೇರಿಕೊಂಡರೆ ಗಾಳಿ ನಿಂತು ಒಳಗಿನ ಬಿಸಿ ಸುಳ್ಳು ಹೇಳುತ್ತದೆ. ಆ ಸಂದಿಗಳನ್ನು ಬ್ರಷ್ಷಿನಿಂದ ಚೊಕ್ಕ ಮಾಡುವುದು ನನ್ನ ಕೆಲಸವಾಗಿತ್ತು. ಹೊಸಬರಿಗೆ ಅದನ್ನು ನಾನೇ ಗದರಿಸಿ ಕಲಿಸಿದ್ದೆ. ಸರ್ಕಾರದ ಪೆಟ್ಟಿಗೆಗೆ ಗಾಳಿ ಆಡಿಸಿದವನು ಸ್ವಂತ ಕಾರಿನ ಮೂಗು ಮುಚ್ಚಿಬಿಟ್ಟಿದ್ದೆ.

ತಿರುಗಿ ನೋಡಿದರೆ ಗಿರಿಜಾಳ ಮುಖ ಸಣ್ಣದಾಗಿತ್ತು. ಆ ಮಾಲೆಗಳನ್ನು ಪ್ರತಿ ವರ್ಷ ಕೂತು ಕಟ್ಟಿದವಳು ಅವಳು. ಹೆರಿಗೆ ಹತ್ತಿರವಿರುವಾಗ ಪೂಜೆಯ ಹೂವೇ ಹೀಗೆ ಕೇಡಿಗೆ ನಿಂತಿತಲ್ಲ ಎಂದು ಅವಳ ಮನಸ್ಸು ಎಲ್ಲೆಲ್ಲಿಗೋ ಹೋಗುತ್ತಿರುವುದು ನನಗೆ ಕಾಣುತ್ತಿತ್ತು. ಮಹಬೂಬ ಸಾಬರಿಗೂ ಕಂಡಿರಬೇಕು. ಅವರು ಆ ಹಾಸನ್ನು ಕಸದ ಡಬ್ಬಿಗೆ ಎಸೆಯಲಿಲ್ಲ. ಕೈ ತೊಳೆದು ಬಂದು, ಚೊಕ್ಕನೆಯ ಹಾಳೆಯೊಂದನ್ನು ಹಾಸಿ, ಚೂರುಗಳನ್ನೆಲ್ಲ ಅದರೊಳಗೆ ಆರಿಸಿ ಹಾಕಿ ಪೊಟ್ಟಣ ಕಟ್ಟಿದರು.

“ತಗೋರಿ ಅಕ್ಕಾರ. ಪೂಜಾದ ಹೂ, ಕಾಲಾಗ ಬರಬಾರ್ದು. ಯಾವ್ದರೆ ಗಿಡದ ಬುಡಕ್ಕ ಹಾಕ್ರಿ. ಹೂವಿಂದೇನೂ ತಪ್ಪಿಲ್ರಿ. ಮುಂದಿನ ವರ್ಷ ಮರುದಿನಾನೇ ಬಿಚ್ಚಿಬಿಡ್ರಿ, ಅಷ್ಟೇ.”

ಗಿರಿಜಾ ಪೊಟ್ಟಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅವರು ರೇಡಿಯೇಟರಿನ ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ನೀರು ಹಾಯಿಸಿ, ಮಡಚಿಕೊಂಡಿದ್ದ ತಗಡಿನ ಎಳೆಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿದ್ದಿ, ಎಲ್ಲ ಜೋಡಿಸಿ ಮತ್ತೆ ಹಾಳೆ ಹಿಡಿದರು. ಈ ಸಲ ಅದು ಪಟಕ್ಕನೆ ಅಂಟಿಕೊಂಡು ನಿಂತಿತು.

ಇಲ್ಲಿಗೆ ನನ್ನ ಚಿಂತೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಕಾರು ಸರಿಹೋದ ಮೇಲೂ ನಾನು ಪ್ರತಿದಿನ ನಾರಾಯಣಗೂಡಕ್ಕೆ ಹೋಗಿ ಬಂದೆ. ಏಸಿ ಹಾಕಿ, ಅಂಬರ್‌ಪೇಟದ ನಡುಮಧ್ಯದಲ್ಲಿ ನಿಂತು, ಮುಳ್ಳನ್ನು ದಿಟ್ಟಿಸುತ್ತಿದ್ದೆ. ಅದು ನಟ್ಟನಡುವೆ ಅಲುಗಾಡದೆ ನಿಂತಿರುತ್ತಿತ್ತು. ಅಲುಗಾಡುತ್ತಿಲ್ಲವಲ್ಲ, ಮುಳ್ಳೇ ಕೆಟ್ಟಿರಬಹುದೇ ಎಂದು ಹೊಸ ಅನುಮಾನ ಹುಟ್ಟಿತು. ಮಹಬೂಬ ಸಾಬರಿಗೆ ಫೋನ್ ಮಾಡಿದೆ. “ಸರ್, ಗಾಡಿ ಆರಾಮ ಅದ. ಈಗ ನೀವು ಆರಾಮ ಆಗ್ರಿ,” ಎಂದು ನಗುತ್ತ ಇಟ್ಟರು.

ಡಾಕ್ಟರಮ್ಮ ಹೇಳಿದ ದಿನಕ್ಕಿಂತ ನಾಲ್ಕು ದಿನ ಮೊದಲೇ, ಬೆಳಿಗ್ಗೆ ಎಂಟೂವರೆಗೆ, ಅವಲಕ್ಕಿ ತಟ್ಟೆ ಮುಂದಿಟ್ಟುಕೊಂಡಿದ್ದ ವೀಣಾ, “ಅವ್ವಾ,” ಎಂದಳು. ಆ ಒಂದು ಕರೆಯಲ್ಲೇ ಎಲ್ಲ ಗೊತ್ತಾಯಿತು. ಇಡೀ ಊರು ಆಫೀಸಿಗೆ ಹೊರಡುವ ಹೊತ್ತು. ನಾನು ಓಡಿದೆ. ಕಾರಿನಲ್ಲಿ ಕೂತು ಕೀಲಿ ಹಾಕಲು ಹೋದರೆ ಕೀಲಿಗೆ ತೂತು ಸಿಗುತ್ತಿಲ್ಲ. ಅಂತೂ ಎಂಜಿನ್ ಚಾಲೂ ಆಯಿತು. ಗೇರು ಹಾಕಿದರೆ ಕಾರು ಮುಂದೆ ಹೋಗುವ ಬದಲು ಹಿಂದೆ ಹೋಗಿ ಕಂಬಕ್ಕೆ ಒಂದಂಗುಲ ದೂರದಲ್ಲಿ ನಿಂತು ಬಂದ್ ಆಯಿತು. ಹಣಮಂತ ಅಯ್ಯಯ್ಯೋ ಎಂದು ಕೂಗಿದ. ಮತ್ತೊಮ್ಮೆ ಚಾಲೂ ಮಾಡಿದೆ, ಮತ್ತೆ ಬಂದ್ ಆಯಿತು. ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಒಂದೂವರೆ ತಿಂಗಳು ಕಾರನ್ನು ಈ ದಿನಕ್ಕೆ ಅಣಿಮಾಡಿದ್ದೆ. ನನ್ನನ್ನು ಅಣಿಮಾಡಿಕೊಂಡಿರಲಿಲ್ಲ.

ಗಿರಿಜಾ ನನ್ನ ಕಡೆಯ ಬಾಗಿಲು ತೆರೆದಳು. “ಇಳೀರಿ,” ಎಂದಳು.

“ಯಾಕ?”

“ನಾ ಹೊಡಿತೀನಿ. ನೀವು ಹಿಂದ ವೀಣಾನ ಕೂಡ ಕುಂದರ್ರಿ.”

ಅವಳಿಗೆ ಡ್ರೈವಿಂಗ್ ಬರುತ್ತದೆ, ಲೈಸೆನ್ಸ್ ಕೂಡ ಇದೆ. ಇದೇ ಕಾರಿನಲ್ಲಿ ಕಲಿತವಳು. ನಾನು ಪಕ್ಕದಲ್ಲಿ ಕೂತು ಬ್ರೇಕು, ಕ್ಲಚ್ಚು, ಹಾರ್ನು ಎಂದು ತಿದ್ದಿ ತಿದ್ದಿ, ಒಂದು ದಿನ ಅವಳು ಕೀಲಿಯನ್ನು ನನ್ನ ಕೈಗಿಟ್ಟು ನೀವೇ ಹೊಡ್ಕೊಳ್ರಿ ಎಂದು ಬಿಟ್ಟಿದ್ದಳು. ಈಗ ಅವಳು ಸೀಟು ಮುಂದಕ್ಕೆ ಎಳೆದುಕೊಂಡು, ಕನ್ನಡಿ ಸರಿಪಡಿಸಿ, ಗೇಟಿನಿಂದ ಹೊರಗೆ ಕಾರನ್ನು ಸಲೀಸಾಗಿ ಕೊಂಡೊಯ್ದಳು. ನಾನು ತಿದ್ದುವುದಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ವೀಣಾ ನನ್ನ ಕೈ ಹಿಡಿದುಕೊಂಡಳು. ಮೂಳೆ ಮುರಿಯುವಂಥ ಹಿಡಿತ.

“ಅಪ್ಪಾ, ಎಷ್ಟೆಷ್ಟು ಹೊತ್ತಿಗೆ ನೋವು ಬರಾಕತ್ತೈತಿ ನೋಡು. ಡಾಕ್ಟರ್ ಕೇಳ್ತಾರ.”

ನೋಡಿದೆ. ಕೈಗಡಿಯಾರದ ಮೇಲೆ ಕಣ್ಣಿಟ್ಟು, ಹಿಡಿತ ಬಿಗಿಯಾದಾಗೊಮ್ಮೆ, ಸಡಿಲಾದಾಗೊಮ್ಮೆ ಲೆಕ್ಕ ಇಟ್ಟೆ. ಒಂಬತ್ತು ನಿಮಿಷ. ಎಂಟು. ಮತ್ತೆ ಎಂಟು. ಬರೆದುಕೊಳ್ಳಲು ಕೈ ಬಿಡುವಿರಲಿಲ್ಲ; ಒಂದು ಮಗಳ ಹಿಡಿತದಲ್ಲಿತ್ತು, ಇನ್ನೊಂದರಿಂದ ಅವಳ ಬೆನ್ನು ನೀವುತ್ತಿದ್ದೆ, ಹಾಗಾಗಿ ಎಲ್ಲವನ್ನೂ ನೆನಪಿನಲ್ಲೇ ಇಟ್ಟುಕೊಂಡೆ. ಅವಳ ನೋವು ನೋಡಿ ಕಣ್ಣು ತುಂಬಿಬಂತು. ಇಪ್ಪತ್ತೊಂಬತ್ತು ವರ್ಷದ ಹಿಂದೆ ಗಿರಿಜಾ ಈ ನೋವನ್ನು ನೆರೆಮನೆಯಾಕೆಯ ಕೈ ಹಿಡಿದು ಉಂಡಿದ್ದಳು. ಅಂಬರ್‌ಪೇಟ ಯಾವಾಗ ಬಂತು, ಯಾವಾಗ ಹೋಯಿತು ತಿಳಿಯಲಿಲ್ಲ. ಬರ್ಕತ್‌ಪುರ ದಾಟುವಾಗ ಒಮ್ಮೆಲೇ ನೆನಪಾಯಿತು. “ಗಿರಿಜಾ, ಮುಳ್ಳು ಎಲ್ಲೈತಿ?” ಎಂದು ಕೂಗಿದೆ.

“ಯಾರಿಗ್ಗೊತ್ತು? ನಾ ರಸ್ತಾ ನೋಡಾಕತ್ತೀನಿ,” ಎಂದಳು.

ಹೊತ್ತಿಗೆ ಸರಿಯಾಗಿ ಮುಟ್ಟಿದೆವು. ಆಸ್ಪತ್ರೆಯ ಬಾಗಿಲಲ್ಲಿ ವೀಣಾಳನ್ನು ಗಾಲಿಕುರ್ಚಿಗೆ ಕೂರಿಸಿ ಒಳಗೆ ಒಯ್ಯುವಾಗ ನರ್ಸ್ ನೋವಿನ ಅಂತರ ಕೇಳಿದಳು. ನಾನು ಒಂದೂ ತಪ್ಪಿಲ್ಲದೆ ಹೇಳಿದೆ. ನನ್ನ ಜೀವಮಾನದ ಲೆಕ್ಕಗಳಲ್ಲಿ ಅದೊಂದನ್ನು ಒಬ್ಬರು ಕಿವಿಗೊಟ್ಟು ಕೇಳಿ ತಲೆಯಾಡಿಸಿದರು.

ಮಧ್ಯಾಹ್ನ ಮೊಮ್ಮಗಳು ಹುಟ್ಟಿದಳು. ತಾಯಿ ಮಗು ಇಬ್ಬರೂ ಸುಖವಾಗಿದ್ದಾರೆ ಎಂದು ಡಾಕ್ಟರಮ್ಮ ಬಂದು ಹೇಳಿದರು. ಅಳಿಯ ಇನ್ನೂ ರಾಯಚೂರಿನಿಂದ ಬರುವ ದಾರಿಯಲ್ಲಿದ್ದರು. ಬೇಸರ ಮಾಡಿಕೊಳ್ಳಬೇಡಿ, ಅದು ಹೇಗಿರುತ್ತದೆಂದು ನನಗೆ ಗೊತ್ತು ಎಂದು ಫೋನಿನಲ್ಲಿ ಹೇಳಿದೆ. ಬಿಳಿಯ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ತಂದು ಗಿರಿಜಾಳ ತೊಡೆಯ ಮೇಲಿಟ್ಟರು. ಕಣ್ಣು ಮುಚ್ಚಿ, ಮುಷ್ಟಿ ಬಿಗಿದು, ಯಾರ ಮೇಲೋ ಸಿಟ್ಟು ಬಂದ ಹಾಗೆ ಮಲಗಿತ್ತು. ನಾನು ಬಗ್ಗಿ, ಎರಡು ಬೆರಳನ್ನು ಮೆಲ್ಲಗೆ ಅದರ ಹಣೆಯ ಮೇಲಿಟ್ಟೆ. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡೆ.

“ಗಿರಿಜಾ, ತುಸು ಬಿಸಿ ಅನಸಾಕತ್ತೈತಲ್ಲ?”

ಗಿರಿಜಾ ನನ್ನ ಬೆರಳುಗಳನ್ನು ಹಿಡಿದು ಪಕ್ಕಕ್ಕೆ ಸರಿಸಿದಳು. ಆಮೇಲೆ ಏನನ್ನಿಸಿತೋ, ಕೂಸನ್ನೇ ಎತ್ತಿ ನನ್ನ ಕೈಯಲ್ಲಿಟ್ಟಳು.

“ಜೀವ ಐತ್ರಿ ಅದರಾಗ,” ಎಂದಳು. “ಬೆಚ್ಚಗೇ ಇರಬೇಕು.”